ಹದಿನೇಳನೇ ನಂಬರಿನ ಹಾಜರಿ

ನಮ್ಮ ಶಾಲೆಯ ಎರಡನೇ ಮಹಡಿಯ ತೊಲೆಯೊಂದು ಬಿರುಕು ಬಿಟ್ಟಿತು. ನೋಡಲು ಬಂದ ಇಂಜಿನಿಯರು ಬಿರುಕಿನೊಳಗೆ ಪೆನ್ಸಿಲ್ ತೂರಿಸಿದರು. ಪೆನ್ಸಿಲ್ ಒಳಗೇ ಉಳಿಯಿತು, ನಾವು ಹೊರಗಾದೆವು. ರಿಪೇರಿಗೆ ಏಳೆಂಟು ತಿಂಗಳು ಬೇಕು, ಅಲ್ಲಿಯವರೆಗೆ ಪಾಠವೆಲ್ಲ ಆನ್‌ಲೈನ್ ಎಂದು ಹೆಡ್‌ಮಾಸ್ತರು ಸಾರಿದರು. ಹೀಗೆ ಒಂಬತ್ತನೇ ಕ್ಲಾಸಿನ ನಲವತ್ತೊಂದು ಹುಡುಗಿಯರಿಗೆ ತರಗತಿ ತಪ್ಪಿ ತೆರೆಯೇ ಗತಿಯಾಯಿತು.

ಮೊದಲ ವಾರ ಮಜವಾಗಿತ್ತು. ಮೇಲೆ ಯೂನಿಫಾರ್ಮಿನ ಅಂಗಿ, ಕೆಳಗೆ ರಾತ್ರಿ ಹಾಕಿಕೊಂಡು ಮಲಗಿದ್ದ ಪೈಜಾಮ. ಎರಡನೇ ವಾರ ನಲವತ್ತೊಂದು ಕ್ಯಾಮೆರಾಗಳ ಭಾರಕ್ಕೆ ಲಿಂಕ್ ಉಸಿರುಗಟ್ಟತೊಡಗಿತು. ನಮ್ಮ ಕ್ಲಾಸ್ ಟೀಚರಾಗಿದ್ದ ಗಣಿತದ ಮಿಸ್ ‘ಆದ್ದರಿಂದ’ ಎನ್ನಲು ಬಾಯಿ ತೆರೆದವರು ‘ದ್ದ’ದಲ್ಲೇ ಕಲ್ಲಾಗಿ ನಿಂತರು. ನಾಲ್ಕು ನಿಮಿಷ ಆ ಒತ್ತಕ್ಷರದ ಒತ್ತಡದಲ್ಲೇ ಇದ್ದು, ಕೊನೆಗೆ ಬಿಡುಗಡೆಯಾಗಿ ಬಂದು ಆಜ್ಞೆ ಹೊರಡಿಸಿದರು: “ಎಲ್ಲರೂ ಕ್ಯಾಮೆರಾ ಮುಚ್ಚಿ. ಮೈಕೂ ಮುಚ್ಚಿ. ನಂಬರ್ ಕರೆದಾಗ ಮಾತ್ರ ಬಾಯಿ ತೆಗೀರಿ. ಅರ್ಥ ಆಯ್ತಾ? ಆಯ್ತು ಅಂತ ನಾನೇ ಅರ್ಥ ಮಾಡ್ಕೋತೀನಿ.”

ಅಲ್ಲಿಂದ ಮುಂದೆ ನಲವತ್ತೊಂದು ಕಪ್ಪು ಚೌಕಗಳು. ನೋಡಿದರೆ ಬಾತ್‌ರೂಮಿನ ಟೈಲ್ಸ್ ಅಂಗಡಿಯಂತಿತ್ತು.

ನನಗೆ ಇದು ದೊಡ್ಡ ಪೆಟ್ಟು. ಕ್ಲಾಸಿನಲ್ಲಿ ನನ್ನ ಹೆಸರು ರೇಡಿಯೋ. ಹೆಡ್‌ಮಾಸ್ತರ ಗಂಟಲು ಸರಿಮಾಡುವಿಕೆ, ಗ್ರಂಥಪಾಲಕರ ‘ಶ್ಶ್’, ತುಟಿಯಲ್ಲಿ ಪಿನ್ನು ಕಚ್ಚಿಕೊಂಡು ಮಾತಾಡುವ ನಮ್ಮ ಟೈಲರ್ ಅಮ್ಮ, ಎಲ್ಲವೂ ನನ್ನ ಸ್ಟೇಷನ್ನಿನಲ್ಲಿ ಬರುತ್ತಿದ್ದವು. ಆದರೆ ನಗುವವರು ಇಲ್ಲದೆ ಅಣಕ ಮಾಡುವುದು ಗೋಡೆಗೆ ಕಚಗುಳಿ ಇಟ್ಟ ಹಾಗೆ. ಮೂರನೇ ವಾರಕ್ಕೆ ನಾನು ಅಮ್ಮನ ಹೊಲಿಗೆ ಮಿಷನ್ನಿನ ಸದ್ದನ್ನು ಅಣಕಿಸುತ್ತ ಕೂತಿದ್ದೆ. ಅದೂ ನನ್ನ ಕಡೆ ತಿರುಗಿ ನೋಡಲಿಲ್ಲ.

ಮಿಸ್ ಹಾಜರಿ ತೆಗೆದುಕೊಳ್ಳುವ ರೀತಿಯನ್ನು ಇಲ್ಲಿ ಹೇಳಬೇಕು. ಅವರ ಫೋನು ಬಿಸ್ಕತ್ತಿನ ಡಬ್ಬಿಗೆ ಒರಗಿ ನಿಂತಿರುತ್ತಿತ್ತು. ರಿಜಿಸ್ಟರ್ ತೊಡೆಯ ಮೇಲೆ, ಕನ್ನಡಕ ಮೂಗಿನ ತುದಿಯಲ್ಲಿ, ಕಣ್ಣು ಕಾಗದದ ಮೇಲೆ. ನಂಬರ್ ಕರೆಯುವರು, ‘ಬಂದಿದೀನಿ ಮಿಸ್’ ಕೇಳುವರು, ಟಿಕ್ ಹಾಕುವರು. ಸ್ಕ್ರೀನಿನಲ್ಲಿ ಯಾರ ಚೌಕ ಮಿನುಗಿತು ಎಂದು ಒಮ್ಮೆಯೂ ತಲೆ ಎತ್ತಿ ನೋಡಿದವರಲ್ಲ. “ಇಪ್ಪತ್ತೆರಡು ವರ್ಷದಿಂದ ಹಾಜರಿ ತಗೋತಿರೋದು ಈ ಕಿವಿ. ಕೆಮ್ಮಿದ್ರೂ ಯಾರು ಅಂತ ಹೇಳ್ತೀನಿ” ಎಂಬುದು ಅವರ ಹೆಮ್ಮೆ. ಮೂರು ದಿನ ಸತತವಾಗಿ ಟಿಕ್ ಬೀಳದಿದ್ದರೆ ಮನೆಗೆ ಫೋನು ಹೋಗುತ್ತಿತ್ತು. ಇದು ಶಾಲೆಯ ನಿಯಮ.

ನಾನು ಹದಿನಾರನೇ ನಂಬರು. ಹದಿನೇಳು ನನ್ನ ಬೆಂಚಿನ ಗೆಳತಿ. ಉದ್ದಕ್ಕೆ ಬೆಳೆದವಳು, ಮಾತನ್ನೂ ಉದ್ದಕ್ಕೆ ಎಳೆಯುವವಳು. ನಾನು ಅವಳ ಭುಜಕ್ಕೂ ಬರುತ್ತಿರಲಿಲ್ಲ. ಹಾಗಾಗಿ ಅವಳಿಗೆ ದೀರ್ಘ ಎಂದು ಹೆಸರಿಟ್ಟವಳು ನಾನೇ, ನನ್ನನ್ನು ಹ್ರಸ್ವ ಎಂದು ಕರೆಯುವ ಹಕ್ಕು ಅವಳೊಬ್ಬಳಿಗೇ. ಅವಳ ನಂಬರಿನಲ್ಲಿ ‘ಏಳು’ ಇದ್ದರೂ ಬೆಳಗ್ಗೆ ಏಳುವುದು ಅವಳ ಜಾಯಮಾನವಲ್ಲ. ಆದ್ದರಿಂದಲೇ ಒಂದು ದಿನ ಕ್ಲಾಸಿಗೆ ಐದು ನಿಮಿಷವಿರುವಾಗ ಅವಳ ಫೋನು ಬಂದಾಗ ನನಗೆ ವಿಶೇಷವೇನೂ ಅನ್ನಿಸಲಿಲ್ಲ.

“ಹ್ರಸ್ವಾ, ಇವತ್ತು ನಂದೂ ಒಂದು ಹೇಳಿಬಿಡೇ.”

“ಏನನ್ನ?”

“ಬಂದಿದೀನಿ ಅಂತ.”

“ನೀನೆಲ್ಲಿದೀಯ?”

“ಹಾಸಿಗೇಲಿ.”

“ಹುಷಾರಿಲ್ವಾ?”

“ಹುಷಾರಾಗೇ ಇದೀನಿ. ಏಳಕ್ಕೆ ಆಗ್ತಿಲ್ಲ. ಆಗಲೇ ಎರಡು ದಿನ ತಪ್ಪಿಸಿದೀನಿ, ಇವತ್ತೂ ಆದ್ರೆ ಅಮ್ಮಂಗೆ ಫೋನ್ ಹೋಗತ್ತೆ. ಅಮ್ಮ ಗಾಬರಿ ಆಗ್ತಾಳೆ.”

“ಅಲ್ವೇ, ಆಗಿರೋದಾದ್ರೂ ಏನು?”

“ಏನೂ ಆಗ್ತಿಲ್ಲ ಕಣೇ. ಅದೇ ಆಗಿರೋದು.”

ಒಳ್ಳೆಯ ಜೋಕು ಎಂದುಕೊಂಡು ನಾನು ಜೋರಾಗಿ ನಕ್ಕೆ. ಅವಳು ಫೋನಿಟ್ಟಳು.

“ಹದಿನಾರು?” ಎಂದರು ಮಿಸ್. ನನ್ನ ದನಿಯಲ್ಲಿ “ಬಂದಿದೀನಿ ಮಿಸ್” ಎಂದೆ. “ಹದಿನೇಳು?” ಎಂದರು. ಗಲ್ಲವನ್ನು ಎದೆಗೆ ಒತ್ತಿ, ಮೂಗಿನ ಒಂದು ಹೊಳ್ಳೆ ಮುಚ್ಚಿ, “ಬಂದಿದೀ…ನಿ ಮಿ…ಸ್” ಎಂದು ಎಳೆದೆ. ಟಿಕ್ ಬಿತ್ತು. ಪೆನ್ನು ಕಾಗದಕ್ಕೆ ತಾಗಿದ ಸದ್ದೂ ಕೇಳಿಸಿತು. ಮರುಕ್ಷಣವೇ ನನ್ನ ಫೋನಿನಲ್ಲಿ ನಗುವ ಮುಖಗಳ ಮಳೆ! ಮಿಸ್‌ಗೆ ಕಾಣದಿದ್ದರೇನು, ಉಳಿದ ಹುಡುಗಿಯರಿಗೆ ಯಾರ ಚೌಕ ಮಿನುಗಿತೆಂದು ಕಂಡಿತ್ತಲ್ಲ. ಒಬ್ಬಳು “ರೇಡಿಯೋ, ಹೊಟ್ಟೆ ಹುಣ್ಣಾಯ್ತು” ಎಂದು ಬರೆದಳು. ಒಂದೂವರೆ ತಿಂಗಳ ಮೇಲೆ ನನ್ನ ಸ್ಟೇಷನ್ನಿಗೆ ಕೇಳುಗರು ಸಿಕ್ಕಿದ್ದರು.

ಅವತ್ತು ಒಂದು ದಿನವಾಯಿತು, ಮರುದಿನವೂ ಆಯಿತು. ಆಮೇಲೆ ದೀರ್ಘ ಫೋನು ಮಾಡಿ ಕೇಳುವುದನ್ನೂ ಬಿಟ್ಟಳು, ನಾನು ಹೇಳುವುದನ್ನು ಮಾತ್ರ ಬಿಡಲಿಲ್ಲ. “ಹೇಗಿದೀಯೇ?” ಎಂದು ಬರೆದರೆ ಹೆಬ್ಬೆರಳಿನ ಚಿತ್ರ ಬರುತ್ತಿತ್ತು. ಹೆಬ್ಬೆರಳು ಮೇಲಿದೆ, ಅಂದಮೇಲೆ ಹುಡುಗಿಯೂ ಮೇಲೆದ್ದಿದ್ದಾಳೆ ಎಂದು ನನ್ನ ಲೆಕ್ಕ.

ಬರೀ ಹಾಜರಿ ಹೇಳುವುದು ನನ್ನಂಥ ಕಲಾವಿದೆಗೆ ಎಷ್ಟು ದಿನ ಸಾಕು? ಹದಿನೇಳರ ಬಾಯಲ್ಲಿ ಒಂದು ಡೌಟು ಕೇಳಿಸಿದೆ. ಮಿಸ್ ಖುಷಿಯಾದರು. ಇನ್ನೊಂದು ಕೇಳಿಸಿದೆ. ಒಂದು ದಿನವಂತೂ ಲಂಬಕೋನ ತ್ರಿಭುಜದ ವಿಷಯದಲ್ಲಿ ಹದಿನಾರು ಮತ್ತು ಹದಿನೇಳು ಕಚ್ಚಾಡಿಬಿಟ್ಟರು. “ಏ, ನೀನು ಸುಮ್ನಿರೇ, ನಿಂಗೇನು ಗೊತ್ತು” ಎಂದು ನಾನು ನನಗೇ ಬೈದೆ, “ನಿಂಗಿಂತ ಒಂದಡಿ ಜಾಸ್ತೀನೇ ಗೊ…ತ್ತು” ಎಂದು ನನಗೇ ತಿರುಗೇಟು ಕೊಟ್ಟೆ. “ಜಗಳ ಬೇಡ ಮಕ್ಕಳೇ, ಇಬ್ಬರೂ ಸರಿಯಾಗೇ ಹೇಳ್ತಿದೀರ” ಎಂದು ಮಿಸ್ ನನ್ನನ್ನೂ ನನ್ನನ್ನೂ ರಾಜಿ ಮಾಡಿಸಿದರು. ಅವರ ದನಿಯಲ್ಲಿ ಅಷ್ಟು ಉತ್ಸಾಹ ಕೇಳಿ ತಿಂಗಳುಗಳಾಗಿತ್ತು.

ಬರಬರುತ್ತ ಒಳ್ಳೆಯ ಮಾತೆಲ್ಲ ಹದಿನೇಳಕ್ಕೇ ಹೋಗತೊಡಗಿತು. ಹದಿನಾರಕ್ಕೆ ಉಳಿದದ್ದು ಒಂದು ಸಪ್ಪೆ ‘ಬಂದಿದೀನಿ’. ನನ್ನ ನಂಬರಿನ ‘ಆರು’ ಸಾರ್ಥಕವಾಗುವಂತೆ ನಾನು ಆರಿಹೋಗುತ್ತಿದ್ದೆ, ಅವಳು ಉರಿಯುತ್ತಿದ್ದಳು. ನನಗೇನೂ ಬೇಸರವಿರಲಿಲ್ಲ. ಗೆಳತಿಗೆ ಉಪಕಾರ, ಕ್ಲಾಸಿಗೆ ನಗು, ಮಿಸ್‌ಗೆ ಹುರುಪು. ಒಂದು ಗಂಟಲಿನಿಂದ ಇನ್ನೆಷ್ಟು ತಾನೇ ಮಾಡಬಹುದು?

ತಿಂಗಳ ಕೊನೆಗೆ ಮಿಸ್ ಘೋಷಿಸಿದರು: “ಈ ತಿಂಗಳು ಕ್ಲಾಸಲ್ಲಿ ಅತಿ ಹೆಚ್ಚು ಚುರುಕಾಗಿದ್ದವಳು ಹದಿನೇಳು. ಶಾಲೇಲಿದ್ದಾಗ ಬಾಯಿ ತೆಗೀತಿರಲಿಲ್ಲ, ಈಗ ನೋಡಿ! ಅವರಮ್ಮಂಗೆ ನಾನೇ ಫೋನ್ ಮಾಡಿ ಹೇಳ್ತೀನಿ.”

ನಗುವ ಮುಖಗಳ ಮಳೆ ಅವತ್ತು ನೆರೆಯಾಗಿ ಹರಿಯಿತು. ದೀರ್ಘಳಿಗೆ ಫೋನು ಮಾಡಿದೆ, ಎತ್ತಲಿಲ್ಲ. “ನಿಂಗೆ ಬಹುಮಾನ ಬಂದಿದೆ ಕಣೇ!” ಎಂದು ಬರೆದೆ. ಹೆಬ್ಬೆರಳೂ ಬರಲಿಲ್ಲ.

ಎರಡು ದಿನದ ಮೇಲೆ ಮಧ್ಯಾಹ್ನ ಅವಳ ಅಮ್ಮ ನಮ್ಮ ಮನೆಗೆ ಬಂದರು. ಅವರು ಬಸ್ ಕಂಡಕ್ಟರು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರು. ಅವತ್ತು ಎರಡು ಪಾಳಿಯ ನಡುವಿನ ಬಿಡುವಿನಲ್ಲಿ ಹರಿದ ಯೂನಿಫಾರ್ಮ್ ಹಿಡಿದುಕೊಂಡು ಬಂದಿದ್ದರು.

“ಅಕ್ಕಾ, ಈ ತೋಳು ನೋಡಿ. ಜನ ಇಳಿಯೋ ಆತುರದಲ್ಲಿ ನನ್ನ ತೋಳನ್ನೂ ಇಳಿಸ್ಕೊಂಡು ಹೋಗ್ತಾರೆ.”

“ಊಂ, ಕೂತ್ಕೊಳಿ,” ಎಂದಳು ಅಮ್ಮ, ಪಿನ್ನುಗಳ ಸಂದಿಯಿಂದ.

ನಾನು ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದೆ. ಕಂಡಕ್ಟರ್ ಆಂಟಿ ನನ್ನ ಕಡೆ ನೋಡಿ ಮುಖವರಳಿಸಿದರು. “ಏನು ಪುಟ್ಟಾ, ನಿನ್ನ ಗೆಳತಿ ಕ್ಲಾಸಲ್ಲಿ ಅರಳು ಹುರಿದ ಹಾಗೆ ಮಾತಾಡ್ತಾಳಂತೆ? ಮಿಸ್ ಫೋನ್ ಮಾಡಿದ್ರು. ನಾನು ಡಿಪೋದಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ. ಡ್ರೈವರಂತೂ ಹಾರ್ನ್ ಹೊಡೆದೇಬಿಟ್ರು.”

“ಒಳ್ಳೇದಾಯ್ತಲ್ಲ,” ಎಂದಳು ಅಮ್ಮ.

“ಒಳ್ಳೇದೇ ಆಯ್ತಕ್ಕ. ಯಾಕಂದ್ರೆ ಮನೇಲಿ ತುಟಿ ಪಿಟಕ್ ಅನ್ನಲ್ಲ ಅವಳು. ಸಂಜೆ ಹೋದ್ರೂ ಮಲಗೇ ಇರ್ತಾಳೆ. ಬೆಳಗ್ಗೆ ಮುಚ್ಚಿಟ್ಟು ಹೋದ ತಟ್ಟೆ ಮುಚ್ಚಿದ ಹಾಗೇ ಇರತ್ತೆ. ಡಾಕ್ಟರಿಗೆ ತೋರಿಸೋಣ ಅಂತ ರಜಾನೂ ಬರೆದಿಟ್ಟಿದ್ದೆ. ಮಿಸ್ ಫೋನ್ ಬಂದ ಮೇಲೆ ಸಮಾಧಾನ ಆಯ್ತು ನೋಡಿ. ಪಾಪ, ಅಲ್ಲಿ ಮಾತಾಡಿ ಮಾತಾಡಿ ದಣಿದಿರತ್ತೆ, ಮಲಗಲಿ ಬಿಡು ಅಂತ ರಜಾ ಚೀಟಿ ಹರಿದು ಹಾಕ್ದೆ.”

ನಾನು ಕಾಜದ ಮೇಲೆಯೇ ಗುಂಡಿ ಹೊಲಿದುಬಿಟ್ಟಿದ್ದೆ.

ಯಾವುದು ಯಾವುದಕ್ಕೆ ತಳುಕು ಹಾಕಿಕೊಂಡಿದೆ ಎಂದು ಆಗ ಹೊಳೆಯಿತು. ಮೂರು ದಿನ ಟಿಕ್ ತಪ್ಪಿದ್ದರೆ ಮಿಸ್ ಫೋನು ಮಾಡುತ್ತಿದ್ದರು. ಫೋನು ಹೋಗಿದ್ದರೆ ಆಂಟಿ ರಜಾ ಹಾಕುತ್ತಿದ್ದರು. ರಜಾ ಹಾಕಿದ್ದರೆ ಡಾಕ್ಟರು ನೋಡುತ್ತಿದ್ದರು. ಎಲ್ಲದಕ್ಕೂ ಅಡ್ಡಲಾಗಿ ನನ್ನ ಒಂದು ಹೊಳ್ಳೆ ಮುಚ್ಚಿದ ಮೂಗು ನಿಂತಿತ್ತು.

ಆಂಟಿ ಮತ್ತೆ ಬಸ್ಸಿಗೆ ಓಡಿದರು. ನಾನು ಚಪ್ಪಲಿ ಮೆಟ್ಟಿ ಅವರ ಮನೆಗೆ ಓಡಿದೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮೂರನೇ ಮಹಡಿ. ಕರೆಗಂಟೆ ಒತ್ತಿದೆ, ಉತ್ತರವಿಲ್ಲ. ಬಾಗಿಲು ಬಡಿದೆ, ಇಲ್ಲ. ಗಂಟಲು ತಾನಾಗಿಯೇ ಕಂಡಕ್ಟರ್ ಆಂಟಿಯ ದನಿಗೆ ಸಜ್ಜಾಯಿತು. ‘ತೆಗಿಯೇ, ಕೀ ಮರ್ತು ಹೋಗಿದೀನಿ’ ಎಂದಿದ್ದರೆ ಅರೆಕ್ಷಣದಲ್ಲಿ ಬಾಗಿಲು ತೆರೆಯುತ್ತಿತ್ತು. ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

“ನಾನು ಕಣೇ,” ಎಂದೆ. ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು.

ತುಂಬ ಹೊತ್ತಿನ ಮೇಲೆ ಚಿಲಕ ಸರಿಯಿತು. ದೀರ್ಘ ಬಾಗಿಲಿಗೆ ಆತು ನಿಂತಿದ್ದಳು. ಕೂದಲು ಬಾಚಿ ನಾಲ್ಕೈದು ದಿನವಾಗಿತ್ತು. ಕೋಣೆಯ ಪರದೆ ಎಳೆದಿತ್ತು. ಹಾಸಿಗೆಯ ಪಕ್ಕ ಮೂರು ಲೋಟ ನೀರು ಸಾಲಾಗಿ ನಿಂತಿದ್ದವು, ಮೂರೂ ಅರ್ಧರ್ಧ.

“ಬಹುಮಾನ ತಂದಿದೀಯಾ?” ಎಂದಳು.

“ಬೈಸ್ಕೊಳ್ಳೋಕೆ ಬಂದಿದೀನಿ.”

“ನಂಗೆ ಬೈಯೋಕೂ ಬೇಜಾರು. ನೀನೇ ನನ್ನ ದನಿಲಿ ಬೈಕೊಂಡುಬಿಡು.”

ಬೇರೆ ದಿನವಾಗಿದ್ದರೆ ಇದಕ್ಕೆ ಬಿದ್ದು ಬಿದ್ದು ನಗುತ್ತಿದ್ದೆ. ಹಾಸಿಗೆಯ ತುದಿಯಲ್ಲಿ ಕೂತೆ. ಅವಳು ಗೋಡೆಗೆ ಒರಗಿ ಮೊಣಕಾಲು ಮಡಚಿಕೊಂಡಳು.

“ನಾನು ಒಂದಿನ ಬಂದಿದ್ದೆ ಗೊತ್ತಾ,” ಎಂದಳು.

“ಎಲ್ಲಿಗೆ?”

“ಕ್ಲಾಸಿಗೆ. ಹತ್ತು ದಿನ ಆಯ್ತು. ಅವತ್ತು ಹೇಗೋ ಎದ್ದೆ. ಸ್ನಾನ ಮಾಡಿ ಕೂತೆ. ನಂಬರ್ ಕರೀತಾರೆ ಅಂತ ಮೈಕಿನ ಮೇಲೆ ಬೆರಳಿಟ್ಕೊಂಡು ಕಾಯ್ತಿದ್ದೆ. ಹದಿನೇಳು ಅಂದ್ರು. ನಾನು ಒತ್ತೋ ಮುಂಚೆ ನಾನೇ ‘ಬಂದಿದೀನಿ’ ಅಂದೆ.”

ನಾನು ಕಣ್ಣು ತಗ್ಗಿಸಿ ಆ ಮೂರು ಲೋಟ ಎಣಿಸಿದೆ.

“ಆಮೇಲೆ ನಾನು ಏನೋ ಡೌಟ್ ಕೇಳ್ದೆ. ಮಿಸ್ ಶಭಾಷ್ ಅಂದ್ರು. ನಾನು ಜೋಕ್ ಮಾಡ್ದೆ, ಮಿಸ್ ನಕ್ರು. ನಾನು ಇಲ್ಲಿ ಕೂತ್ಕೊಂಡು ಎಲ್ಲ ಕೇಳಿಸ್ಕೊಂಡೆ. ಎಷ್ಟು ಚೆನ್ನಾಗಿದಾಳಲ್ಲ ಅವಳು ಅನ್ನಿಸ್ತು. ನಂಗಿಂತ ಅವಳೇ ಚೆನ್ನಾಗಿದಾಳೆ, ಅವಳೇ ಇರಲಿ ಬಿಡು ಅಂತ ಫೋನ್ ಮುಚ್ಚಿ ಮಲಗಿಬಿಟ್ಟೆ. ಮತ್ತೆ ಏಳ್ಬೇಕು ಅನ್ನಿಸ್ಲೇ ಇಲ್ಲ.”

ಕೆಳಗೆ ಅಂಗಡಿಯಲ್ಲಿ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು.

“ಅವಳು ನೀನಲ್ಲ ಕಣೇ, ನಾನು,” ಎಂದೆ. “ನಂಗೆ ನಗೋರು ಬೇಕಾಗಿತ್ತು. ಒಬ್ಳೇ ಕೂತು ಕೂತು ಹುಚ್ಚು ಹಿಡಿದಿತ್ತು. ನಿನ್ನ ನಂಬರಲ್ಲಿ ಹೋಗಿ ನಾನು ಮಜಾ ಮಾಡ್ದೆ. ನೀನು ಏಳಕ್ಕಾಗ್ತಿಲ್ಲ ಅಂದಾಗ ನಾನು ಬರ್ಬೇಕಿತ್ತು. ನಕ್ಕುಬಿಟ್ಟೆ.”

ಅವಳು ನನ್ನನ್ನು ದಿಟ್ಟಿಸಿದಳು. “ಇದು ಯಾರ ದನಿ ಈಗ?”

“ನಂದೇ.”

“ಚೆನ್ನಾಗಿಲ್ಲ,” ಎಂದಳು. ಅವಳ ಬಾಯಿಯ ಒಂದು ಮೂಲೆ ಕೊಂಚ ಮೇಲಕ್ಕೆ ಹೋಯಿತು. “ಗಂಟ್ಲಲ್ಲಿ ಏನೋ ಸಿಕ್ಕಾಕ್ಕೊಂಡಿರೋ ಹಾಗಿದೆ.”

“ಅಳು ಕಣೇ ಅದು, ಕೋತಿ.”

ಆಮೇಲೆ ನಾವಿಬ್ಬರೂ ಅತ್ತೆವು. ಅಳುವಾಗ ಮಾತ್ರ ಅವಳಿಗಿಂತ ನಾನೇ ದೀರ್ಘ ಎಳೆದೆ. ಅವಳು ಅದನ್ನೂ ಹೇಳಿ ತೋರಿಸಿದಳು.

“ಮಿಸ್‌ಗೆ ಹೇಳ್ತೀನಿ. ನಿಮ್ಮಮ್ಮಂಗೂ ಹೇಳ್ತೀನಿ,” ಎಂದೆ.

“ಹೇಳು. ನಂಗೆ ಹೇಳೋಕೆ ಶಕ್ತಿ ಇಲ್ಲ.”

ಆಂಟಿ ಬರುವವರೆಗೆ ಕಾಯಲು ಕೆಳಗಿನ ಮೆಟ್ಟಿಲಿಗೆ ಹೋಗಿ ಕೂತೆವು. ಎರಡು ವಾರದಿಂದ ಅವಳು ಇಳಿದಿರಲಿಲ್ಲವಂತೆ. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಸೈಕಲ್ ಅಂಗಡಿಯವರು ಚಕ್ರ ತಿರುಗಿಸಿ ಅದರ ಓರೆಕೋರೆ ಪರೀಕ್ಷಿಸುವುದನ್ನು ನೋಡುತ್ತ ಕೂತಳು.

ಆಂಟಿ ಬಂದರು. ನಾನು ಒಂದೇ ಉಸಿರಿನಲ್ಲಿ ಎಲ್ಲ ಒದರಿದೆ. ಅವರು ಹೆಗಲಿನ ಚೀಲ ಇಳಿಸಿ ಮೆಟ್ಟಿಲ ಮೇಲೆ ಮಗಳ ಪಕ್ಕ ಕೂತರು. ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು, ನನ್ನ ಕಡೆ ನೋಡದೆಯೇ ಹೇಳಿದರು: “ಖಾಲಿ ಸೀಟಿಗೆ ಇಷ್ಟು ದಿನ ಟಿಕೆಟ್ ಹರೀತಿದ್ದೆ ಅಲ್ವೇನೇ ನೀನು.” ಆಮೇಲೆ ಮಗಳಿಗೆ, “ನೀನಾದ್ರೂ ಎಬ್ಬಿಸ್ಬಾರ್ದಾಗಿತ್ತಾ ನನ್ನ? ಗಾಬರಿ ಆಗೋದಕ್ಕೇ ಅಲ್ವಾ ಅಮ್ಮ ಇರೋದು?” ಎಂದರು. ಅವತ್ತೇ ಹೊಸ ರಜಾ ಚೀಟಿ ಬರೆದರು.

ಮಿಸ್‌ಗೆ ನಾನೇ ಫೋನು ಮಾಡಿದೆ. ಹೇಳಿ ಮುಗಿಸಿದೆ.

“ಆ ಲಂಬಕೋನ ತ್ರಿಭುಜದ ಜಗಳ?” ಎಂದರು.

“ಎರಡೂ ನಾನೇ ಮಿಸ್.”

“ಗೆದ್ದಿದ್ದು ಯಾರು?”

“ಹದಿನೇಳು ಮಿಸ್.”

“ಅವತ್ತು ನಮ್ಮ ಯಜಮಾನ್ರಿಗೆ ಎರಡು ಸಲ ಹೇಳ್ದೆ ಕಣೇ ಆ ಜಗಳಾನ. ಕತ್ತಲೆಗೆ ಪಾಠ ಮಾಡಿ ಮಾಡಿ ಸಾಕಾಗಿತ್ತು. ಕೊನೆಗೂ ಇಬ್ಬರು ಮಕ್ಕಳು ಜೀವಂತ ಇದಾರೆ ಅಂತ ಖುಷಿಪಟ್ಟಿದ್ದೆ.” ನಿಟ್ಟುಸಿರು ಬಿಟ್ಟರು. “ಒಬ್ಬಳೇ ಅಂತ ಗೊತ್ತಿರಲಿಲ್ಲ.” ಬೈದರು, ಚೆನ್ನಾಗಿಯೇ ಬೈದರು. ಅದರ ನಡುವೆ ಒಂದು ಸಲ “ನನ್ನ ಕಿವಿಗಿಷ್ಟು ಬೆಂಕಿ ಹಾಕ” ಎಂದು ತಮಗೂ ಬೈದುಕೊಂಡರು. ಕೊನೆಗೆ ತೀರ್ಪು ಕೊಟ್ಟರು: “ಇನ್ಮೇಲೆ ಹದಿನಾರು ಬಿಟ್ಟು ಬೇರೆ ಯಾವ ನಂಬರಲ್ಲಾದ್ರೂ ನಿನ್ನ ದನಿ ಕೇಳಿಸ್ತೋ, ನೋಡು.”

ಶನಿವಾರ ಅವರೇ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ದೀರ್ಘಳನ್ನು ನೋಡಿ ಬಂದರು. ಪಾಠದ ಮಾತೇ ಎತ್ತಲಿಲ್ಲವಂತೆ. ಆಂಟಿ ಅವಳನ್ನು ಡಾಕ್ಟರ ಬಳಿಗೂ, ಅವರು ಹೇಳಿದ ಆಪ್ತಸಮಾಲೋಚಕಿಯ ಬಳಿಗೂ ಕರೆದುಕೊಂಡು ಹೋದರು. “ಏನು ಕೊಟ್ರೇ?” ಎಂದು ಕೇಳಿದೆ. “ಏನೂ ಕೊಡ್ಲಿಲ್ಲ. ಕೇಳಿದ್ರು. ಆಮೇಲೆ ಕೇಳಿಸ್ಕೊಂಡ್ರು,” ಎಂದಳು. ದಿನಾ ಸಂಜೆ ನಾನು ಹೋಗುತ್ತಿದ್ದೆ. ಮೊದಲ ದಿನ ಬೀದಿಯ ತಿರುವಿನವರೆಗೆ ನಡೆದೆವು, ಮರುದಿನ ಬಸ್ ಸ್ಟಾಪಿನವರೆಗೆ. ಒಂದು ದಿನ ಅವಳು ಇಳಿಯುವುದಿಲ್ಲ ಎಂದಳು, ಅವತ್ತು ಮೆಟ್ಟಿಲ ಮೇಲೆ ಕೂತೆವು.

ಕ್ಲಾಸಿಗೆ ಯಾವಾಗ ಬರುತ್ತೀ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ದಿನಾ ಬೆಳಗ್ಗೆ ಮಿಸ್ “ಹದಿನೇಳು?” ಎಂದು ಕರೆಯುತ್ತಿದ್ದರು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಬಿಟ್ಟು “ಹದಿನೆಂಟು” ಎನ್ನುತ್ತಿದ್ದರು. ಆ ಮೂರು ಎಣಿಕೆಯಲ್ಲಿ ನನ್ನ ಗಂಟಲು ತುರಿಸುವ ಬಗೆ ದೇವರಿಗೇ ಪ್ರೀತಿ. ತುಟಿಯನ್ನು ಬೆರಳುಗಳಿಂದ ಹಿಡಿದುಕೊಂಡು ಕೂರುತ್ತಿದ್ದೆ. ಅಮ್ಮ ತನ್ನದೊಂದು ಪಿನ್ನು ಕೊಡಲೇ ಎಂದು ಕೇಳಿದಳು.

ಹೀಗೆ ಎಂಟು ದಿನ. ಒಂಬತ್ತನೆಯ ದಿನ ಮಂಗಳವಾರ.

“ಹದಿನೇಳು?”

ಒಂದು. ಎರಡು.

“ಬಂದಿದೀನಿ ಮಿಸ್.”

ಒರಟು ದನಿ, ಬಹಳ ದಿನ ತೆರೆಯದ ಡ್ರಾಯರನ್ನು ಎಳೆದ ಹಾಗೆ. ಎಳೆತವೂ ಇಲ್ಲ, ಮೂಗೂ ಇಲ್ಲ. ತಿಂಗಳಿಡೀ ಅಣಕಿಸಿದ ನನಗೇ ಗುರುತು ಸಿಗಲಿಲ್ಲ.

“ಹದಿನಾರೂ!” ಮಿಸ್ ಸಿಡಿದರು. ಪೆನ್ನು ಕೆಳಗೆ ಬಿದ್ದ ಸದ್ದು ಕೇಳಿಸಿತು. “ಅಷ್ಟು ಹೇಳಿದ್ರೂ ಮತ್ತೆ ಶುರು ಮಾಡಿದ್ಯಾ?”

“ಅಯ್ಯೋ, ನಾನಲ್ಲ ಮಿಸ್!”

“ಸುಳ್ಳು ಬೇರೆ! ಅದೂ ಮೊದಲಿನ ಹಾಗೆ ಬರ್ತಾನೂ ಇಲ್ಲ ನಿಂಗೆ. ಒಂಚೂರೂ ಅವಳ ಥರ ಇಲ್ಲ.”

“ಆಣೆಗೂ ನಾನಲ್ಲ ಮಿಸ್!”

“ಮಿಸ್,” ಎಂದಿತು ಆ ಒರಟು ದನಿ, “ನಾನೇ ನಾನು.”

“ಯಾವ ನೀನು?”

ಅಷ್ಟರಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಮೈಕು ತೆರೆದರು. “ಮಿಸ್, ಅವಳೇ ಮಿಸ್!” “ಸ್ಕ್ರೀನ್ ನೋಡಿ ಮಿಸ್, ಹದಿನೇಳರ ಚೌಕ!” “ಮಿಸ್, ತಲೆ ಎತ್ತಿ!” ನಾಯಿ ಬೊಗಳಿತು, ಯಾರದೋ ಮನೆಯಲ್ಲಿ ಮಿಕ್ಸಿ ತಿರುಗಿತು, ಯಾರದೋ ಅಜ್ಜಿ “ಏನಾಯ್ತು, ಯಾರು ಬಿದ್ರು?” ಎಂದು ಕೇಳಿದರು. ಮೊದಲ ಸಲ ಅದು ಕ್ಲಾಸಿನಂತೆ ಕೇಳಿಸಿತು.

ಮಿಸ್ ಮೂಗಿನ ಕನ್ನಡಕವನ್ನು ಹಣೆಗೆ ಏರಿಸಿ, ಫೋನನ್ನು ಡಬ್ಬಿಯಿಂದ ಕಿತ್ತು ಮುಖದ ಹತ್ತಿರ ತಂದರು. ನಮಗೆಲ್ಲ ಅವರ ಒಂದು ಕಣ್ಣು ಮಾತ್ರ ಕಂಡಿತು. ಕಪ್ಪು ಟೈಲುಗಳ ನಡುವೆ ಒಂದು ಟೈಲು ಬೆಳಗಿತು. ಮೊದಲು ಫ್ಯಾನು, ಆಮೇಲೆ ಅರ್ಧ ಹಣೆ, ಆಮೇಲೆ ಇಡೀ ಮುಖ. ಕೂದಲು ಒಂದು ಕಡೆ ಮಾತ್ರ ಬಾಚಿತ್ತು. ಹಿಂದೆ ಪರದೆ ಸರಿದಿತ್ತು.

ಎಲ್ಲರೂ ಗಪ್‌ಚಿಪ್. ಅಜ್ಜಿಯೂ ಸುಮ್ಮನಾದರು.

“ಹೇಗಿದೀಯ ಮರಿ?” ಎಂದರು ಮಿಸ್.

ಅವಳು ಯೋಚಿಸಿದಳು. ಇಂಥ ಪ್ರಶ್ನೆಗೆ ನಾನಾಗಿದ್ದರೆ ಹತ್ತು ಚಂದದ ಉತ್ತರ ಕೊಟ್ಟುಬಿಡುತ್ತಿದ್ದೆ.

“ಅಷ್ಟಕ್ಕಷ್ಟೆ ಮಿಸ್,” ಎಂದಳು.

“ಅಷ್ಟಕ್ಕಷ್ಟೆ ಆದ್ರೂ ಪರವಾಗಿಲ್ಲ,” ಎಂದು ಮಿಸ್ ಬಗ್ಗಿ ಪೆನ್ನು ಹುಡುಕಿದರು. “ಬರ್ಕೊಂಡೆ. ಹದಿನೆಂಟು?”